ಟರ್ನರ್ ಸಿಂಡ್ರೋಮ್ ಇರುವ ಮಗಳಿಗೆ ಲೆಕ್ಕ ಕಲಿಸುವುದು

ನನ್ನ ಮಗಳು ಐದನೇ ಕ್ಲಾಸು. ಮಾತಿನ ಮಲ್ಲಿ, ಕಥೆಪುಸ್ತಕ ಗಡಗಡ ಓದುತ್ತಾಳೆ. ಆದರೆ 47 ದೊಡ್ಡದೋ 52 ದೊಡ್ಡದೋ ಅಂದರೆ ತಡವರಿಸುತ್ತಾಳೆ. ಅವಳಿಗಿರುವುದು ಟರ್ನರ್ ಸಿಂಡ್ರೋಮ್. ಹೆಣ್ಣುಮಕ್ಕಳ ಜೀವಕೋಶದಲ್ಲಿರುವ ಎರಡು ಎಕ್ಸ್ ಕ್ರೋಮೋಸೋಮ್‌ಗಳಲ್ಲಿ (ವರ್ಣತಂತುಗಳಲ್ಲಿ) ಒಂದು ಪೂರ್ತಿಯಾಗಿಯೋ ಅರೆಬರೆಯಾಗಿಯೋ ಇರುವುದಿಲ್ಲ. ಸುಮಾರು 2,000ದಿಂದ 2,500 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಬುದ್ಧಿ ಸಾಮಾನ್ಯವಾಗಿ ಎಲ್ಲರಂತೆಯೇ. ಆದರೆ ಎಷ್ಟಿದೆ, ಎಲ್ಲಿದೆ ಎಂದು ನೋಡಿ ಅಂದಾಜು ಮಾಡುವುದು ಅನೇಕರಿಗೆ ಕಷ್ಟ. ಮಾತು ಚೆನ್ನಾಗಿದೆ ಅಲ್ವಾ, ಲೆಕ್ಕವನ್ನೂ ಮಾತಲ್ಲೇ ಆಡಿಸಿ.

ಚೌಕಾಬಾರದಿಂದ ಶುರು ಮಾಡಿ. ನಾಲ್ಕು ಕವಡೆ ಹಾಕಿ. ಎಷ್ಟು ಬಾಯಿ ಮೇಲಿದೆ ಅಂತ ಬೆರಳಿಟ್ಟು ಎಣಿಸದೆ ಹೇಳಲಿ. ತಡವಾದರೂ ಪರವಾಗಿಲ್ಲ, ನೀವು ಬಾಯಿ ಹಾಕಬೇಡಿ. ಕಾಯಿ ನಡೆಸುವಾಗ ಮಾತ್ರ ಜೋರಾಗಿ ಎಣಿಸಲಿ. ಇನ್ನೆಷ್ಟು ಮನೆ ದಾಟಿದರೆ ಹಣ್ಣಾಗುತ್ತದೆ ಅಂತ ಆಗಾಗ ಕೇಳಿ.

ಆಮೇಲೆ ಬಟ್ಟೆ ಒಣಹಾಕುವ ಹಗ್ಗ. ಒಂದು ತುದಿಗೆ 0, ಇನ್ನೊಂದು ತುದಿಗೆ 100 ಬರೆದ ಚೀಟಿ ಕ್ಲಿಪ್ ಹಾಕಿ. 47 ಎಲ್ಲಿ ಬರುತ್ತದೆ? ಅವಳು ಸಿಕ್ಕಿಸಲಿ, ಯಾಕೆ ಅಲ್ಲಿ ಅಂತ ಹೇಳಲಿ. 'ಐವತ್ತು ನಡುವೆ, ಅದಕ್ಕಿಂತ ಸ್ವಲ್ಪ ಈಚೆ' ಅಂದರೆ ಆ ದಿನಕ್ಕೆ ಸಾಕು. ನನ್ನ ಪ್ರಕಾರ ಮಗ್ಗಿ ಉರು ಹೊಡೆಸುವುದಕ್ಕಿಂತ ಇದು ಮೇಲು. ಮಗ್ಗಿ ಅವಳು ಪದ್ಯದ ಹಾಗೆ ಒಪ್ಪಿಸುತ್ತಾಳೆ, ಸಂಖ್ಯೆ ಎಷ್ಟು ದೊಡ್ಡದು ಅನ್ನುವುದು ಅದರಿಂದ ಬರುವುದಿಲ್ಲ.

ಬರೆಯುವ ಲೆಕ್ಕಕ್ಕೆ ಚೌಕುಳಿ ನೋಟ್‌ಬುಕ್ ಕೊಡಿ. ಒಂದು ಚೌಕಕ್ಕೆ ಒಂದೇ ಅಂಕಿ. ಬಿಡಿ ಸ್ಥಾನದ ಅಂಕಿ ಹತ್ತರ ಕೆಳಗೆ ಜಾರಿ ತಪ್ಪಾಗುವುದು ಇದರಿಂದ ಕಡಿಮೆಯಾಗುತ್ತದೆ.

ದೊಡ್ಡ ಹುಡುಗಿಯರು, ಹೆಂಗಸರಾದರೆ ಸಂತೆಯೇ ಸಾಕು. ಅರ್ಧ ಕೆಜಿ ಬೀನ್ಸ್, ಕಾಲು ಕೆಜಿ ಮೆಣಸಿನಕಾಯಿ, 200ರ ನೋಟು. ಚಿಲ್ಲರೆ ಹೆಚ್ಚುಕಮ್ಮಿ ಎಷ್ಟು ಬರಬಹುದು ಅಂತ ಮೊದಲೇ ಹೇಳಿಕೊಂಡು, ಆಮೇಲೆ ಕೈಗೆ ಬಂದದ್ದನ್ನು ನೋಡುವುದು.

ಗಡಿಯಾರ ಹಿಡಿದು ಕೂರಬೇಡಿ. ಟೈಮ್ ಕೊಟ್ಟರೆ ಸರಿಯಾಗಿ ಮಾಡುವವರೇ ಆತುರಪಡಿಸಿದರೆ ಎಡವುತ್ತಾರೆ. ಟರ್ನರ್ ಇದ್ದವರಿಗೆ ಕಿವಿ ಸೋಂಕು ಜಾಸ್ತಿ, ಹಾಗಾಗಿ ಕ್ಲಾಸಲ್ಲಿ ಟೀಚರ್ ಹೇಳಿದ ಲೆಕ್ಕ ಕೇಳಿಸಿತೋ ಇಲ್ಲವೋ, ಅದನ್ನೂ ಡಾಕ್ಟರ ಹತ್ತಿರ ನೋಡಿಸಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಡಿಸ್ಕ್ಯಾಲ್ಕುಲಿಯಾ, ಅಂದರೆ ಲೆಕ್ಕದ ಕಲಿಕೆಯ ತೊಂದರೆಯೂ ಸೇರಿದೆ. ಟರ್ನರ್ ಇದೆ ಅಂದಮಾತ್ರಕ್ಕೆ ಅದರ ಸರ್ಟಿಫಿಕೇಟ್ ಸಿಗುವುದಿಲ್ಲ, ಬೇರೆ ಪರೀಕ್ಷೆ ಮಾಡುತ್ತಾರೆ. ಶಾಲೆಯ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳಲು ಆ ಸರ್ಟಿಫಿಕೇಟ್ ಬೇಕಾಗುತ್ತದೆ. ಎಸ್ಸೆಸ್ಸೆಲ್ಸಿ ಬರುವ ತನಕ ಕಾಯದೆ ಈಗಲೇ ವಿಚಾರಿಸಿ.