ಹೊಸ ವೀಲ್ ಹಾಕಿಸಿದ ಮೇಲೆ ಟೈರ್ ಗಾಳಿಯ ಲೈಟ್ ಆರುತ್ತಿಲ್ಲವೇ?

ದಾವಣಗೆರೆ ಗೆಳೆಯರೇ, ಅಲಾಯ್ ವೀಲ್ ಹಾಕಿಸಿದ ಮೇಲೆ ಹಳದಿ ಲೈಟ್ ಉಳಿದರೆ ಸುಮ್ನೆ ಗಾಳಿ ತುಂಬಿಸುತ್ತಾ ಹೋಗಬೇಡಿ.

ಮೊದಲು ಲೈಟ್ ಹೇಗೆ ಉರಿಯುತ್ತದೆ ನೋಡಿ. ಗಾಡಿ ಸ್ಟಾರ್ಟ್ ಮಾಡಿದಾಗ ಒಂದು ನಿಮಿಷದಷ್ಟು ಮಿಣುಕಿ, ಆಮೇಲೆ ಆರದೆ ಉರಿಯುತ್ತಲೇ ಇದ್ದರೆ, ಸಾಮಾನ್ಯವಾಗಿ ಟೈರ್ ಗಾಳಿ ಅಳೆಯುವ ಸೆನ್ಸರ್‌ನಿಂದ ಸಿಗ್ನಲ್ ಬರುತ್ತಿಲ್ಲ ಎಂದರ್ಥ. ಮಿಣುಕದೆ ಉರಿದರೆ ಗಾಳಿ ನೋಡಿಸಿ. ಅದೂ ಬೆಳಿಗ್ಗೆ, ಟೈರ್ ತಣ್ಣಗಿರುವಾಗ. ಹೈವೇಯಲ್ಲಿ ಹರಿಹರಕ್ಕೆ ಹೋಗಿ ಬಂದ ಟೈರ್‌ನಲ್ಲಿ ಅಳತೆ ಜಾಸ್ತಿ ತೋರಿಸುತ್ತದೆ. ಗಾಳಿ ಎಷ್ಟು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇರಬೇಕು ಎಂಬುದು ಹೆಚ್ಚಾಗಿ ಡ್ರೈವರ್ ಬಾಗಿಲ ಬಳಿಯ ಸ್ಟಿಕರ್‌ನಲ್ಲಿರುತ್ತದೆ. ವೀಲ್ ಸೈಜ್ ಬದಲಾಗಿದ್ದರೆ ಟೈರ್ ಅಂಗಡಿಯಲ್ಲೂ ವಿಚಾರಿಸಿ.

ಮುಖ್ಯವಾದದ್ದು ಇದು. ಕೆಲವು ಗಾಡಿಗಳಲ್ಲಿ ಸೆನ್ಸರ್ ವೀಲ್ ಒಳಗೆ, ವಾಲ್ವ್ ಬುಡದಲ್ಲೇ ಇರುತ್ತದೆ. ಹಳೆ ವೀಲ್ ಎಕ್ಸ್‌ಚೇಂಜ್‌ಗೆ ಕೊಟ್ಟರೆ ಸೆನ್ಸರೂ ಅದರ ಜೊತೆ ಹೋಯಿತು! ಕೊಡುವ ಮೊದಲೇ ಬಿಚ್ಚಿಸಿ, ಹೊಸದಕ್ಕೆ ಹಾಕಿಸಿಕೊಳ್ಳಿ. ಹೊಸ ಸೆನ್ಸರ್ ದುಬಾರಿ, ಗಾಡಿ ಅದನ್ನು ಗುರುತಿಸುವಂತೆ ಮಾಡಲು ಸ್ಕ್ಯಾನರ್ ಯಂತ್ರ ಕೂಡ ಬೇಕಾಗಬಹುದು. ಬೇರೆ ಗಾಡಿಗಳು ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಮೂಲಕ ಚಕ್ರದ ವೇಗ ನೋಡಿ ಗಾಳಿ ಅಂದಾಜು ಮಾಡುತ್ತವೆ. ಅವುಗಳಲ್ಲಿ ಗಾಳಿ ಸರಿಮಾಡಿ, ಮೆನುವಿನಲ್ಲಿ ರೀಸೆಟ್ ಒತ್ತಿ, ಸ್ವಲ್ಪ ದೂರ ಓಡಿಸಿದರೆ ಸಾಕು. ನಿಮ್ಮದು ಯಾವ ಬಗೆ ಎಂದು ಮ್ಯಾನ್ಯುಯಲ್‌ನಲ್ಲಿ ಇರುತ್ತದೆ.