ಬಂಧಾರಾ ಒಡೆದೆ, ಮೀನು ಹತ್ತಿತು

ಹೋದ ಜುಲೈ ಮೊದಲ ವಾರ ನಮ್ಮ ಹಳ್ಳಕ್ಕೆ ಮೊಣಕೈ ಉದ್ದದ ಮಹಶೀರ್ ಮೀನು ಐದೋ ಆರೋ ಹತ್ತಿ ಬಂದವು. ದೀಪಾವಳಿ ಹೊತ್ತಿಗೆ ಜಲ್ಲಿಯ ಅಂಚಿನಲ್ಲಿ ಅರ್ಧ ಬೆರಳುದ್ದದ ಮರಿಗಳು. "ಪುಣೆಯಲ್ಲಿ ಕೂತು ವಿಡಿಯೊ ನೋಡಿ ಹಳ್ಳ ಕೆಡಿಸ್ತಾನೆ" ಅಂದಿದ್ದ ಧಾರವಾಡದ ನಮ್ಮ ಭಾವನವರನ್ನೇ ಮೊದಲು ಕರೆದು ತೋರಿಸಿದೆ. ಸುಮ್ನೆ ನೋಡಿದರು, ಚಹಾ ಕುಡಿದರು, ಹೋದರು. ನನಗೆ ಅಷ್ಟು ಸಾಕಾಗಿತ್ತು.

ಜಾಗ ಪುಣೆ ಜಿಲ್ಲೆಯ ಮುಳಶಿ ತಾಲ್ಲೂಕು. ಹೊಲ ನಾಲ್ಕು ಎಕರೆ, ಅದಕ್ಕೆ ಅಂಟಿಕೊಂಡು ಸುಮಾರು 150 ಮೀಟರ್ ಹಳ್ಳ. ಇಲ್ಲಿಯವರು ಓಢಾ ಅನ್ನುತ್ತಾರೆ. ಮಳೆಗಾಲದಲ್ಲಿ ಆನೆ ಬಂದರೂ ನಿಲ್ಲದಷ್ಟು ನೀರು, ಫೆಬ್ರವರಿಗೆ ಬರೀ ಮಡುಗಳು. ಹೊರದೇಶದಲ್ಲಿ ಸಾಲ್ಮನ್, ಟ್ರೌಟ್ ಮೀನಿಗೆ ಹೊಳೆ ರಿಪೇರಿ ಮಾಡುವವರ ಕೆಲಸ ನೋಡಿಯೇ ನಾನು ಶುರು ಮಾಡಿದ್ದು. ಕಲ್ಲು, ಮರದ ದಿಮ್ಮಿ, ಜಲ್ಲಿ, ನೆರಳು, ಅಷ್ಟೇ ಅಲ್ವಾ ಅಂದುಕೊಂಡಿದ್ದೆ.

ಮೊದಲ ವರ್ಷ ಎರಡು ಸಾವಿರ ಮರಿ ತಂದು ಬಿಟ್ಟೆ. ಒಂದೇ ಮಳೆಗೆ ಎಲ್ಲ ಮಾಯ. ಆಮೇಲೆ ಜೆಸಿಬಿ ತರಿಸಿ ಮಡು ತೋಡಿಸಿದೆ. ಆಗಸ್ಟ್ ಮುಗಿಯುವಷ್ಟರಲ್ಲಿ ಅದು ಕೆಸರಿನ ತಟ್ಟೆ. ಎರಡನೇ ವರ್ಷ ದಿಮ್ಮಿಗಳನ್ನು ಕಬ್ಬಿಣದ ಹಗ್ಗದಲ್ಲಿ ಕಟ್ಟಿದೆ. ಹಗ್ಗ ಉಳಿಯಿತು, ದಿಮ್ಮಿ ಹೋಗಿ ಕೆಳಗಿನವರ ಬೇಲಿ ಮುರಿಯಿತು. ಅದಕ್ಕೆ ಹದಿನೆಂಟು ಸಾವಿರ ದಂಡ ಕಟ್ಟಿದೆ. ಎರಡು ವರ್ಷದಲ್ಲಿ ನೀರಿಗೆ ಹಾಕಿದ್ದು ಎರಡು ಲಕ್ಷದ ಆಸುಪಾಸು. ಮನೆಯಲ್ಲಿ ಹೇಳಿದ್ದು ಎಪ್ಪತ್ತು ಸಾವಿರ.

ತಪ್ಪು ಇದ್ದದ್ದು ಬೇರೆ ಕಡೆ. ಹಿಂದಿನ ಮಾಲೀಕರು ಕಟ್ಟಿಸಿದ ಸೊಂಟದೆತ್ತರದ ಕಲ್ಲಿನ ಬಂಧಾರಾ, ಅಂದರೆ ಹಳ್ಳಕ್ಕೆ ಅಡ್ಡ ಕಟ್ಟಿದ ಒಡ್ಡು, ಕೆಳಗಡೆಯೇ ಇತ್ತು. ಹಿನ್ನೀರಿನಿಂದ ಹತ್ತುವ ಮೀನು ಅದರ ಬುಡದಲ್ಲೇ ತಲೆ ಚಚ್ಚಿಕೊಂಡು ನಿಲ್ಲುತ್ತಿತ್ತು. ಹುಡುಗರು ಸೊಳ್ಳೆಪರದೆ ಹಿಡಿದು ಅಲ್ಲೇ ಬಾಚುತ್ತಿದ್ದರು. ಒಡೆಯುತ್ತೇನೆ ಅಂದಾಗ ಊರೇ ತಿರುಗಿಬಿತ್ತು. "ಪಾಣಿ ಅಡವಾ, ಪಾಣಿ ಜಿರವಾ" (ನೀರು ತಡೆಯಿರಿ, ನೀರು ಇಂಗಿಸಿ) ಅಂತ ಗೋಡೆ ಗೋಡೆಯ ಮೇಲೆ ಬರೆದಿರುವ ರಾಜ್ಯ ಇದು. ಇಂಡಿ ಕಡೆಯ ನಮ್ಮ ಜೆಸಿಬಿ ಹುಡುಗನೂ "ಸಾಹೇಬ್ರ, ಎಲ್ಲಾರೂ ಕಟ್ಟು ಅಂತಾರ, ನೀವು ಒಡಿ ಅಂತೀರಲ್ರೀ" ಅಂದ. ಹಳ್ಳದ ಪಾತ್ರ ಸರ್ಕಾರದ್ದು, ಸಾತಬಾರಾದಲ್ಲಿ (ನಮ್ಮ ಕಡೆಯ ಪಹಣಿ) ನಮ್ಮದು ದಡ ಮಾತ್ರ. ಕಾಗದಕ್ಕೇ ನಾಲ್ಕು ತಿಂಗಳು ಓಡಾಡಿದೆ.

ಪೂರ್ತಿ ಒಡೆಯಲಿಲ್ಲ. ನಡುವೆ ಎತ್ತಿನಗಾಡಿ ಅಗಲದ ಕಂಡಿ ತೆಗೆದು, ಕೆಳಗೆ ಇಳಿಜಾರಾಗಿ ಗುಂಡುಕಲ್ಲು ಹಾಸಿದೆ. ಮೇಲೆ ಮೂರು ಕಡೆ, ತುದಿ ಪ್ರವಾಹದ ಎದುರಿಗೆ ಬರುವಂತೆ ಬಾಣದಾಕಾರದಲ್ಲಿ ಕಲ್ಲು ಕೂರಿಸಿದೆ. ಹೊಲ ಹಸನು ಮಾಡಿದಾಗ ಸಿಕ್ಕ ಕರಿಕಲ್ಲುಗಳೇ, ಮುಕ್ಕಾಲು ಪಾಲು ಹೂತು. ನೀರು ನಡುವಿಗೆ ನುಗ್ಗಿ ತಾನೇ ಮಡು ಕೊರೆಯಿತು, ಮಡುವಿನ ಬಾಲದಲ್ಲಿ ತಾನೇ ಜಲ್ಲಿ ಬಿಟ್ಟಿತು. ನಾನು ಕೊಂಡು ಸುರಿದಿದ್ದ ಎರಡು ಟ್ರಾಕ್ಟರ್ ಜಲ್ಲಿ ಎಲ್ಲಿ ಹೋಯಿತೋ. ಬೇರಿನ ಸಮೇತದ ದಿಮ್ಮಿಗಳನ್ನು ಈ ಸಲ ಕಟ್ಟಲಿಲ್ಲ, ನಿಂತ ಅತ್ತಿಮರಗಳ ನಡುವೆ ಸಿಕ್ಕಿಸಿದೆ. ಯಾವ ಓರೆಯಲ್ಲಿ ಸಿಕ್ಕಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಒಟ್ಟು ಅರವತ್ತು ಸಾವಿರ, ಜೆಸಿಬಿ ಇಪ್ಪತ್ತು ತಾಸು ಆಡಿರಬಹುದು.

ಟ್ರೌಟ್ ಲೆಕ್ಕ ಇಲ್ಲಿ ಹಾಗೇ ನಡೆಯುವುದಿಲ್ಲ. ಅದರ ಮೊಟ್ಟೆ ತಣ್ಣೀರಿನ ಜಲ್ಲಿಯೊಳಗೆ ತಿಂಗಳುಗಟ್ಟಲೆ ಇರಬೇಕು. ಮಹಶೀರ್ ಮೊಟ್ಟೆ ಮೂರು ನಾಲ್ಕು ದಿನಕ್ಕೆ ಒಡೆಯುತ್ತದೆ. ಆದರೆ ಬೆಳಕಿಗೆ ಹೆದರುವ ಎಳೆಮರಿ ಕಲ್ಲಿನ ಸಂದಿಯಲ್ಲಿ ಅಡಗುತ್ತದೆ, ಸಂದಿಗೆ ಕೆಸರು ತುಂಬಿದರೆ ಕಥೆ ಮುಗಿಯಿತು. ಅದಕ್ಕೇ ದಡದಲ್ಲಿ ಲಾವಂಚ, ಹೊಂಗೆ, ಇಲ್ಲಿಯವರು ವಾಳುಂಜ ಅನ್ನುವ ಗಿಡದ ಕಡ್ಡಿ ಹೂತೆ. ವಾಳುಂಜ ಮುಕ್ಕಾಲು ಪಾಲು ಚಿಗುರಿತು. ಹೊಂಗೆ ಆಡಿನ ಹೊಟ್ಟೆಗೆ ಹೋಯಿತು.

ನಡುವೆ ಒಂದು ಹುಚ್ಚು. ನೂರು ಕಲ್ಲಿಗೆ ಹಳದಿ ಬಣ್ಣ ಬಳಿದು ಮೇಲೆ ಇಟ್ಟೆ, ನೆರೆ ಎಷ್ಟು ದೂರ ಉರುಳಿಸುತ್ತದೆ ನೋಡೋಣ ಅಂತ. ಮೂವತ್ತೋ ಏನೋ ಸಿಕ್ಕವು, ಹೆಚ್ಚಿನವು ಎರಡನೇ ಬಾಣದ ಕೆಳಗೆ. ಒಂದು ಪಕ್ಕದೂರಿನ ದೇವಸ್ಥಾನದ ಕಟ್ಟೆಯ ಮೇಲೆ, ಕುಂಕುಮ ಹಚ್ಚಿಸಿಕೊಂಡು ಕೂತಿತ್ತು.

ಮಹಶೀರ್ ಈ ಕಡೆಯದ್ದಲ್ಲ ಅಂದವರಿಗೆ ಒಂದು ಮಾತು. ಟಾರ್ ಖುದ್ರಿ ಅನ್ನುವ ಮಹಶೀರ್ ಜಾತಿಗೆ 1839ರಲ್ಲಿ ಬ್ರಿಟಿಷ್ ಅಧಿಕಾರಿ ಕರ್ನಲ್ ಸೈಕ್ಸ್ ಹೆಸರಿಟ್ಟದ್ದೇ ಪುಣೆಯ ಮುಳಾ-ಮುಠಾ ನೀರಿನ ಮೀನು ನೋಡಿ. ಕಾವೇರಿಗೆ ಅದು ಹೊರಗಿನದು. ಅಲ್ಲಿ ತಂದು ಬಿಟ್ಟದ್ದು ಅಲ್ಲಿಯದೇ ಆದ ಡುಬ್ಬದ ಮಹಶೀರ್‌ಗೆ ಕುತ್ತಾಯಿತು. ನಾನಂತೂ ಇನ್ನು ಮರಿ ಬಿಡುವುದಿಲ್ಲ.

ಬಾವಿ ಬತ್ತುತ್ತದೆ ಅಂತ ಜಗಳಕ್ಕೆ ಬಂದಿದ್ದ ಮೇಲಿನ ಹೊಲದವರ ಬಾವಿಯಲ್ಲಿ ಏಪ್ರಿಲ್‌ವರೆಗೂ ನೀರಿತ್ತು. ಅದು ನನ್ನಿಂದಲೇ ಅಂತ ಹೇಳಲಾರೆ, ಮಳೆಯೂ ಜಾಸ್ತಿ ಆಗಿತ್ತು. ಈಗ ಅವರೇ ತಮ್ಮ ಬಂಧಾರಾದಲ್ಲೂ ಕಂಡಿ ತೆಗೆಸಿಕೊಡಿ ಅಂತಿದ್ದಾರೆ. ಜೆಸಿಬಿ ಖರ್ಚು ಅವರದು, ದಿಮ್ಮಿ ನನ್ನದು ಅಂತ ಮಾತಾಗಿದೆ.