ಫೋನ್, ಐಪ್ಯಾಡ್, ಮ್ಯಾಕ್, ಐಕ್ಲೌಡ್: ಹಳೆ ಮೆಸೇಜ್‌ಗಳನ್ನು ಪೂರ್ತಿ ತೆಗೆದದ್ದು ಹೀಗೆ

ನಾನು ಮೈಸೂರಿನಲ್ಲಿ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬಿಕೊಡುವ ಕೆಲಸ ಮಾಡುತ್ತೇನೆ. ನನ್ನ ಕ್ಲೈಂಟ್‌ಗಳಲ್ಲಿ ಕೆಲವರು ಅಮೆರಿಕದಲ್ಲಿ, ಕೆನಡಾದಲ್ಲಿ ಇದ್ದಾರೆ. ಇಲ್ಲಿ ಮನೆ ಬಾಡಿಗೆ ಬರುತ್ತದೆ, ಎಫ್‌ಡಿ ಬಡ್ಡಿ ಬರುತ್ತದೆ, ಅದಕ್ಕೆ ಇಲ್ಲಿ ರಿಟರ್ನ್ ಹಾಕಬೇಕು. ಅವರಿಗೆ ಆಪಲ್ ಸಾಧನಗಳ ನಡುವೆ ಮೆಸೇಜ್ ಕಳಿಸುವ ಐಮೆಸೇಜ್ ರೂಢಿ. ಪ್ಯಾನ್ ಕಾರ್ಡಿನ ಫೋಟೊ, ಆಧಾರ್, ಪಾಸ್‌ಬುಕ್ ಪುಟ, ಬಾಡಿಗೆ ಕರಾರು, ಎಲ್ಲವೂ ಅದರಲ್ಲೇ ಬರುತ್ತವೆ. ಇದರ ಜೊತೆ ನನ್ನದೇ ಬ್ಯಾಂಕಿನ ಎಸ್ಸೆಮ್ಮೆಸ್, ಓಟಿಪಿ, ಗ್ಯಾಸ್ ಬುಕಿಂಗ್, ರೈಲಿನ ಪಿಎನ್‌ಆರ್. ವರ್ಷಗಟ್ಟಲೆ ಹೀಗೇ ಸೇರುತ್ತಾ ಬಂದಿತ್ತು.

ಇವೆಲ್ಲ ನನ್ನ ಐಫೋನಿನಲ್ಲಿ ಮಾತ್ರ ಇದ್ದಿದ್ದರೆ ಅಷ್ಟು ಚಿಂತೆ ಇರಲಿಲ್ಲ. ಆಫೀಸಿನ ಮ್ಯಾಕ್‌ಬುಕ್‌ನಲ್ಲೂ ಅದೇ ಆಪಲ್ ಅಕೌಂಟ್. ಮಗಳು ಪಾಠ ನೋಡುವ ಐಪ್ಯಾಡ್‌ನಲ್ಲೂ ಅದೇ. ಅಂದರೆ ಬೇರೆಯವರು ನನ್ನನ್ನು ನಂಬಿ ಕಳಿಸಿದ ಕಾಗದಪತ್ರ ನಮ್ಮನೆ ಸೋಫಾದ ಮೇಲೂ ಬಿದ್ದಿತ್ತು. ಇದು ಸರಿಯಲ್ಲ ಅನ್ನಿಸಿತು. ಆಪಲ್‌ನ ಆನ್‌ಲೈನ್ ಸಂಗ್ರಹವಾದ ಐಕ್ಲೌಡ್‌ನಲ್ಲಿ ಪುಕ್ಕಟೆ ಸಿಗುವುದು 5 ಜಿಬಿ, ಅದೂ ತುಂಬಿತ್ತು. ಜಾಗ ಬೇಕಿದ್ದರೆ ದುಡ್ಡು ಕೊಟ್ಟು ತಗೋಬಹುದು. ಆದರೆ ನನಗೆ ಜಾಗಕ್ಕಿಂತ ಜಾಸ್ತಿ ಬೇಕಾಗಿದ್ದದ್ದು ಆ ಫೋಟೊಗಳು ಎಲ್ಲ ಕಡೆಯಿಂದ ಹೋಗುವುದು.

ಕೈ ಹಾಕುವ ಮುಂಚೆ ಈ ವ್ಯವಸ್ಥೆ ಹೇಗೆ ನಡೆಯುತ್ತದೆ ಅಂತ ತಿಳಿದುಕೊಂಡೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

2018ರ ಮೇ ತಿಂಗಳಲ್ಲಿ ಐಫೋನಿನ ತಂತ್ರಾಂಶ ಐಒಎಸ್ 11.4 ಜೊತೆ, ಮೆಸೇಜ್‌ಗಳನ್ನು ಐಕ್ಲೌಡ್‌ನಲ್ಲಿಟ್ಟು ಎಲ್ಲ ಸಾಧನಗಳಲ್ಲೂ ತೋರಿಸುವ 'ಮೆಸೇಜಸ್ ಇನ್ ಐಕ್ಲೌಡ್' ಸೌಲಭ್ಯ ಬಂತು. ಅದಕ್ಕೂ ಮೊದಲು ಪ್ರತಿ ಸಾಧನದಲ್ಲೂ ಮೆಸೇಜಿನ ಬೇರೆ ಬೇರೆ ಪ್ರತಿ ಇರುತ್ತಿತ್ತು. ಫೋನಿನಲ್ಲಿ ಅಳಿಸಿದರೆ ಮ್ಯಾಕ್‌ನಲ್ಲಿ ಹಾಗೇ ಉಳಿಯುತ್ತಿತ್ತು. ಈಗ ಸೆಟ್ಟಿಂಗ್ಸ್‌ನಲ್ಲಿ ಆ ಸೌಲಭ್ಯದ ಸ್ವಿಚ್ ಆನ್ ಇದ್ದರೆ ಎಲ್ಲ ಸಾಧನಗಳೂ ಒಂದೇ ಸ್ಲೇಟು ನೋಡುತ್ತವೆ. ಯಾವ ಕಡೆಯಿಂದ ಒರೆಸಿದರೂ ಎಲ್ಲ ಕಡೆ ಒರೆಸಿಹೋಗುತ್ತದೆ. ಬರೀ ಐಮೆಸೇಜ್ ಅಲ್ಲ, ಮಾಮೂಲಿ ಎಸ್ಸೆಮ್ಮೆಸ್ಸೂ ಇದರಲ್ಲಿ ಸೇರುತ್ತದೆ. ಆದರೆ ಆ ಸೌಲಭ್ಯದ ಸ್ವಿಚ್ ಆಫ್ ಇರುವ ಸಾಧನ ಈ ಲೆಕ್ಕಕ್ಕೆ ಬರುವುದಿಲ್ಲ. ಅದರ ಪ್ರತಿ ಅದರ ಹತ್ತಿರವೇ ಇರುತ್ತದೆ. ಮುಂದೆ ಯಾವತ್ತೋ ಅದರಲ್ಲಿ ಸ್ವಿಚ್ ಆನ್ ಮಾಡಿದರೆ, ಅದರಲ್ಲಿದ್ದ ಹಳೆಯದೂ ಐಕ್ಲೌಡ್‌ನಲ್ಲಿ ಬಂದು ಸೇರಿಕೊಳ್ಳುತ್ತದೆ.

ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಈ ಮೆಸೇಜ್ ಎಲ್ಲ ಕಡೆಯಿಂದ ಹೋಗಬೇಕಾ, ಇಲ್ಲಾ ಈ ಒಂದು ಸಾಧನದಿಂದ ಮಾತ್ರ ಹೋಗಬೇಕಾ? ಎಲ್ಲ ಕಡೆಯಿಂದ ಅಂದರೆ, ಮೊದಲು ಎಲ್ಲ ಸಾಧನಗಳಲ್ಲೂ ಸ್ವಿಚ್ ಆನ್ ಮಾಡಿ, ಆಮೇಲೆ ಅಳಿಸಬೇಕು. ಒಂದರಿಂದ ಮಾತ್ರ ಅಂದರೆ, ಮೊದಲು ಆ ಸಾಧನದ ಸ್ವಿಚ್ ಆಫ್ ಮಾಡಿ, ಆಮೇಲೆ ಅಳಿಸಬೇಕು. ಹಳೆ ಐಪ್ಯಾಡ್ ಮಾರುವ ಮುಂಚೆ ಅದರ ಮೆಸೇಜ್‌ಗಳನ್ನು ಒಂದೊಂದಾಗಿ ಡಿಲೀಟ್ ಮಾಡುತ್ತಾ ಕೂರುವವರಿದ್ದಾರೆ. ಸ್ವಿಚ್ ಆನ್ ಇದ್ದರೆ ಅದೇ ಹೊತ್ತಿಗೆ ಅವರ ಫೋನಿನಿಂದಲೂ ಹೋಗುತ್ತಿರುತ್ತದೆ. ಮಾರುವವರು ಡಿಲೀಟ್ ಮಾಡುವುದೇ ಬೇಡ. ಸೈನ್ ಔಟ್ ಮಾಡಿ, ಇಡೀ ಸಾಧನವನ್ನು ಎರೇಸ್ ಮಾಡಿದರೆ ಸಾಕು. ಐಕ್ಲೌಡ್‌ನಲ್ಲಿರುವುದಕ್ಕೆ ಏನೂ ಆಗುವುದಿಲ್ಲ.

ನನಗೆ ಎರಡೂ ಬೇಕಿತ್ತು. ಕ್ಲೈಂಟ್‌ಗಳ ಕಾಗದ ಎಲ್ಲ ಕಡೆಯಿಂದ ಹೋಗಬೇಕು. ಉಳಿದ ಮೆಸೇಜ್ ಫೋನಿನಲ್ಲಿ, ಮ್ಯಾಕ್‌ನಲ್ಲಿ ಇರಲಿ, ಐಪ್ಯಾಡ್‌ನಲ್ಲಿ ಮಾತ್ರ ಬೇಡ.

ಮೊದಲು ಮಾಡಿದ್ದು ಉಳಿಸಿಕೊಳ್ಳುವ ಕೆಲಸ. ಅವಸರದಲ್ಲಿ ಹೆಚ್ಚಿನವರು ಇದನ್ನೇ ಬಿಡುತ್ತಾರೆ. ಮ್ಯಾಕ್‌ನ ಮೆಸೇಜಸ್ ಆ್ಯಪ್‌ನಲ್ಲಿ ಒಬ್ಬರ ಮಾತುಕತೆ ತೆರೆದು ಫೈಲ್ ಮೆನುವಿನಲ್ಲಿ ಪ್ರಿಂಟ್ ಒತ್ತಿದರೆ ಅದನ್ನು ಪಿಡಿಎಫ್ ಆಗಿ ಉಳಿಸಬಹುದು. ಯಾರು ಯಾವತ್ತು ಏನು ಹೇಳಿದರು ಅನ್ನುವ ದಾಖಲೆ ಅಷ್ಟರಲ್ಲಿ ಆಯಿತು. ಫೋಟೊ, ಪಿಡಿಎಫ್‌ಗಳನ್ನು ಬೇರೆಯಾಗಿ ಇಳಿಸಿ, ಪಾಸ್‌ವರ್ಡ್ ಹಾಕಿದ ಡಿಸ್ಕ್‌ನಲ್ಲಿ ಕ್ಲೈಂಟ್ ಹೆಸರಿನ ಫೋಲ್ಡರಿಗೆ ಹಾಕಿದೆ. ಈ ಕೆಲಸ ಒಳ್ಳೆ ವೈಫೈ ಇರುವಾಗ ಮಾಡಿ. ತುಂಬ ಹಳೆ ಅಟ್ಯಾಚ್‌ಮೆಂಟ್ ಸಾಧನದಲ್ಲಿ ಇರದೆ ಐಕ್ಲೌಡ್‌ನಲ್ಲಿ ಮಾತ್ರ ಇರಬಹುದು, ತೆರೆದಾಗ ಇಳಿಯುತ್ತದೆ. ತೆರೆದು ನೋಡದೆ 'ಉಳಿಸಿದ್ದೇನೆ' ಅಂದುಕೊಳ್ಳಬಾರದು.

ಆಮೇಲೆ ಮೂರೂ ಸಾಧನಗಳಲ್ಲಿ ಸ್ವಿಚ್ ನೋಡಿದೆ. ಐಫೋನ್, ಐಪ್ಯಾಡ್‌ನಲ್ಲಿ ಸೆಟ್ಟಿಂಗ್ಸ್ ತೆರೆದು, ಮೇಲೆ ನಮ್ಮ ಹೆಸರು ಒತ್ತಿ, ಐಕ್ಲೌಡ್ ಒಳಗೆ ಹೋಗಿ ಮೆಸೇಜಸ್. ಮ್ಯಾಕ್‌ನಲ್ಲಿ ಮೆಸೇಜಸ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲೇ ಐಮೆಸೇಜ್ ಅನ್ನುವ ಕಡೆ ಇದೆ, ಪಕ್ಕದಲ್ಲೇ 'ಸಿಂಕ್ ನೌ' ಬಟನ್. ಅದನ್ನು ಒತ್ತಿ, ಎಲ್ಲವನ್ನೂ ಚಾರ್ಜಿಗೆ ಹಾಕಿ, ವೈಫೈನಲ್ಲಿ ರಾತ್ರಿಯಿಡೀ ಬಿಟ್ಟೆ. ಸಿಂಕ್, ಅಂದರೆ ಎಲ್ಲ ಸಾಧನಗಳಲ್ಲೂ ಒಂದೇ ಥರ ಆಗುವ ಕೆಲಸ, ಮುಗಿಯುವ ಮುಂಚೆ ಅಳಿಸಲು ಶುರು ಮಾಡಿದರೆ ಯಾವುದು ಹೋಯಿತು, ಯಾವುದು ಉಳಿಯಿತು ಅನ್ನುವ ಲೆಕ್ಕ ಸಿಗುವುದಿಲ್ಲ.

ಬ್ರೌಸರ್‌ನಲ್ಲಿ ಐಕ್ಲೌಡ್ ತೆರೆದು ಮೆಸೇಜ್ ಹುಡುಕುವವರು ತುಂಬಾ ಜನ. ಅಲ್ಲಿ ಫೋಟೊ ಇದೆ, ಮೇಲ್ ಇದೆ, ನೋಟ್ಸ್ ಇದೆ, ಮೆಸೇಜ್ ಇಲ್ಲ. ಅಳಿಸುವುದೆಲ್ಲ ಸಾಧನದಿಂದಲೇ ಆಗಬೇಕು.

ನನಗೆ ತುಂಬಾ ಉಪಯೋಗಕ್ಕೆ ಬಂದ ಜಾಗ ಬೇರೆ ಇದೆ. ಸೆಟ್ಟಿಂಗ್ಸ್‌ನಲ್ಲಿ ಹೆಸರು, ಐಕ್ಲೌಡ್, ಅಲ್ಲಿಂದ ಸ್ಟೋರೇಜ್, ಅದರೊಳಗೆ ಮೆಸೇಜಸ್. ವರ್ಷನ್ ಬದಲಾದ ಹಾಗೆ ಹೆಸರು ಸ್ವಲ್ಪ ಬದಲಾಗುತ್ತದೆ, ದಾರಿ ಇದೇ. ಅಲ್ಲಿ 'ಟಾಪ್ ಕಾನ್ವರ್ಸೇಷನ್ಸ್' ಅಂತ ಪಟ್ಟಿ ಬರುತ್ತದೆ. ಯಾರ ಮಾತುಕತೆ ಎಷ್ಟು ಜಾಗ ತಿಂದಿದೆ ಅಂತ ದೊಡ್ಡದರಿಂದ ಚಿಕ್ಕದಕ್ಕೆ ಕಾಣುತ್ತದೆ. ಜಾಗ ತಿನ್ನುವುದು ಅಕ್ಷರಗಳಲ್ಲ, ಫೋಟೊ, ವಿಡಿಯೊ, ಸ್ಕ್ಯಾನ್ ಮಾಡಿದ ಪಿಡಿಎಫ್. ಸಾವಿರ ಎಸ್ಸೆಮ್ಮೆಸ್ ಅಳಿಸಿದರೂ ಒಂದು ಮದುವೆ ವಿಡಿಯೊದಷ್ಟು ಜಾಗ ಸಿಗುವುದಿಲ್ಲ. ಕೆಲಸ ಮುಗಿದ ಕ್ಲೈಂಟ್‌ಗಳ ಮಾತುಕತೆಯನ್ನು ಪೂರ್ತಿಯಾಗಿ ತೆಗೆದೆ. ಈಗಲೂ ಮಾತಾಡುವವರದ್ದು ಮಾತು ಇರಲಿ ಅಂತ ಕಾಗದಗಳನ್ನು ಮಾತ್ರ ತೆಗೆದೆ. ಅದಕ್ಕೆ ಸೆಟ್ಟಿಂಗ್ಸ್‌ನ ಜನರಲ್‌ನಲ್ಲಿ ಐಫೋನ್ ಸ್ಟೋರೇಜ್, ಅಲ್ಲಿ ಮೆಸೇಜಸ್ ಒತ್ತಿದರೆ ಫೋಟೊ, ವಿಡಿಯೊ ಬೇರೆ ಬೇರೆಯಾಗಿ ಸಿಗುತ್ತವೆ. ಎಡಿಟ್ ಒತ್ತಿ ಬೇಕಾದ್ದನ್ನು ಆರಿಸಿ ಅಳಿಸಬಹುದು.

ಮೊದಲು ಹೇಳಿದ ಐಕ್ಲೌಡ್ ಸ್ಟೋರೇಜ್ ಜಾಗದಲ್ಲಿ 'ಡಿಸೇಬಲ್ ಆ್ಯಂಡ್ ಡಿಲೀಟ್' ಅಂತಲೂ ಇದೆ. ನಾನು ಅದನ್ನು ಮುಟ್ಟಲಿಲ್ಲ. ಅದು ಐಕ್ಲೌಡ್‌ನ ಪ್ರತಿಯನ್ನು ಪೂರ್ತಿ ತೆಗೆದು, ಸಾಧನಗಳ ಪ್ರತಿಯನ್ನು ಹಾಗೇ ಬಿಡುತ್ತದೆ. ನಿರ್ಧಾರ ಬದಲಿಸಲು 30 ದಿನ ಕೊಡುತ್ತಾರೆ. ಐಕ್ಲೌಡೇ ಬೇಡ ಅನ್ನುವವರಿಗೆ ಅದು ಸರಿ. ಆದರೆ ನನ್ನ ಕೆಲಸಕ್ಕೆ ಅದು ಉಲ್ಟಾ ಆಗುತ್ತಿತ್ತು. ಐಪ್ಯಾಡ್‌ನಲ್ಲಿರುವುದು ಐಪ್ಯಾಡ್‌ನಲ್ಲೇ ಉಳಿಯುತ್ತಿತ್ತು, ಅಲ್ವಾ?

ಡಿಲೀಟ್ ಒತ್ತಿದ ತಕ್ಷಣ ಮೆಸೇಜ್ ಪೂರ್ತಿ ಹೋಗುವುದೂ ಇಲ್ಲ. 2022ರಲ್ಲಿ ಬಂದ ಐಒಎಸ್ 16ರಿಂದ 'ರೀಸೆಂಟ್ಲಿ ಡಿಲೀಟೆಡ್' ಅಂತ ಒಂದು ಜಾಗ ಇದೆ. ಅಳಿಸಿದ ಮೆಸೇಜ್ 30 ದಿನ ಅಲ್ಲಿರುತ್ತದೆ, ಕೆಲವೊಮ್ಮೆ 40 ದಿನದವರೆಗೂ. ಮೆಸೇಜಸ್ ಪಟ್ಟಿಯ ಮೇಲೆ ಎಡಿಟ್ ಅಥವಾ ಫಿಲ್ಟರ್ ಒತ್ತಿದರೆ ಕಾಣುತ್ತದೆ, ಮ್ಯಾಕ್‌ನಲ್ಲಿ ವ್ಯೂ ಮೆನುವಿನಲ್ಲಿದೆ. ಕೈತಪ್ಪಿ ಅಳಿಸಿದವರಿಗೆ ಇದು ದೊಡ್ಡ ಅನುಕೂಲ. ಆದರೆ ಪಕ್ಕದವರ ಕಣ್ಣಿಗೆ ಬೀಳಬಾರದು ಅಂತ ಅಳಿಸಿದವರು ಇಲ್ಲಿಂದಲೂ ತೆಗೆಯಬೇಕು. ನಾನು ಎರಡು ವಾರ ಬಿಟ್ಟು ತೆಗೆದೆ, ಯಾವುದಾದರೂ ಕಾಗದ ಮತ್ತೆ ಬೇಕಾದೀತು ಅಂತ. ಸ್ಟೋರೇಜ್‌ನ ಅಂಕಿಯೂ ಕೂಡಲೇ ಇಳಿಯುವುದಿಲ್ಲ. ಅದಕ್ಕೆ ಗಾಬರಿಯಾಗಿ ಮತ್ತೆ ಮತ್ತೆ ಅಳಿಸುವ ಅಗತ್ಯ ಇಲ್ಲ.

ಇಲ್ಲಿಗೆ ಮುಗಿಯಿತು ಅಂತ ತುಂಬಾ ಜನ ನಿಲ್ಲಿಸುತ್ತಾರೆ. ಬ್ಯಾಕಪ್ ಇನ್ನೂ ಉಳಿದಿದೆ. ಮೆಸೇಜಸ್ ಇನ್ ಐಕ್ಲೌಡ್ ಆನ್ ಇದ್ದರೆ ಐಕ್ಲೌಡ್ ಬ್ಯಾಕಪ್‌ನಲ್ಲಿ ಮೆಸೇಜ್ ಸೇರುವುದಿಲ್ಲ. ಆದರೆ ಸ್ವಿಚ್ ಆನ್ ಮಾಡುವ ಮುಂಚಿನ ಬ್ಯಾಕಪ್‌ನಲ್ಲಿ ಇರುತ್ತದೆ. ಬ್ಯಾಕಪ್ ನಿಲ್ಲಿಸಿದ ಮೇಲೂ ಐಕ್ಲೌಡ್ ಕೊನೆಯ ಬ್ಯಾಕಪ್ ಅನ್ನು 180 ದಿನ ಇಟ್ಟುಕೊಳ್ಳುತ್ತದೆ. ನನ್ನ ಪಟ್ಟಿಯಲ್ಲಿ ಯಾವಾಗಲೋ ಬದಲಾಯಿಸಿದ ಹಳೆ ಫೋನಿನ ಬ್ಯಾಕಪ್ ಇತ್ತು. ಅದನ್ನು ತೆಗೆದೆ. ಐಪ್ಯಾಡ್ ಅನ್ನು ಮ್ಯಾಕ್‌ಗೆ ಕೇಬಲ್ ಹಾಕಿ ಹಿಂದೆ ಮಾಡಿದ ಬ್ಯಾಕಪ್ ಇತ್ತು, ಅದೂ ಹೋಯಿತು. ಮ್ಯಾಕ್‌ನ ಟೈಮ್ ಮಷೀನ್ (ಮ್ಯಾಕ್‌ನದೇ ಬ್ಯಾಕಪ್ ವ್ಯವಸ್ಥೆ) ಡಿಸ್ಕ್‌ನಲ್ಲಿ ಹಳೆ ದಿನಗಳ ಮೆಸೇಜಸ್ ಫೋಲ್ಡರ್ ಹಾಗೇ ಕೂತಿರುತ್ತದೆ. ಆ ಡಿಸ್ಕ್ ಅನ್ನು ಎನ್‌ಕ್ರಿಪ್ಷನ್ ಹಾಕಿ ಹೊಸದಾಗಿ ಶುರು ಮಾಡಿದೆ. ಡೌನ್‌ಲೋಡ್ಸ್ ಫೋಲ್ಡರ್ ಮತ್ತು ಫೋಟೋಸ್ ಆ್ಯಪ್ ಕೂಡ ನೋಡಿ. ಮೆಸೇಜ್‌ನಿಂದ ಒಮ್ಮೆ ಸೇವ್ ಮಾಡಿದ ಫೋಟೊ ಮೆಸೇಜ್ ಅಳಿಸಿದರೂ ಹೋಗುವುದಿಲ್ಲ. ನನ್ನ ಮಟ್ಟಿಗೆ ಪ್ಯಾನ್ ಕಾರ್ಡುಗಳು ಹೆಚ್ಚು ಸಿಕ್ಕಿದ್ದು ಅಲ್ಲೇ.

ಎಲ್ಲ ಸರಿಹೋದ ಮೇಲೆ ಐಪ್ಯಾಡ್ ಕಡೆ ಬಂದೆ. ಈ ಸಲ ಮೊದಲು ಐಕ್ಲೌಡ್ ಮೆಸೇಜಸ್ ಸ್ವಿಚ್ ಆಫ್. ಐಮೆಸೇಜ್‌ನಿಂದ ಸೈನ್ ಔಟ್. ಫೋನಿನ ಮೆಸೇಜಸ್ ಸೆಟ್ಟಿಂಗ್ಸ್‌ನಲ್ಲಿ 'ಟೆಕ್ಸ್ಟ್ ಮೆಸೇಜ್ ಫಾರ್ವರ್ಡಿಂಗ್' ಅಂತ ಇದೆ, ಅಲ್ಲಿ ಐಪ್ಯಾಡ್‌ನ ಗುರುತು ತೆಗೆದೆ. ಆಮೇಲೆ ಐಪ್ಯಾಡ್‌ನಲ್ಲಿ ಉಳಿದದ್ದನ್ನೆಲ್ಲ ಅಳಿಸಿದೆ. ಫೋನಿನಲ್ಲಿ ಏನೂ ಹೋಗಲಿಲ್ಲ. ಮಗಳಿಗೆ ಆಪಲ್‌ನ ಕುಟುಂಬ ಸೌಲಭ್ಯವಾದ ಫ್ಯಾಮಿಲಿ ಶೇರಿಂಗ್‌ನಲ್ಲಿ ಅವಳದೇ ಅಕೌಂಟ್ ಮಾಡಿಕೊಟ್ಟೆ. ಒಂದು ಕುಟುಂಬಕ್ಕೆ ಆರು ಜನರವರೆಗೆ ಅವಕಾಶ ಇದೆ. ಮನೆಮಂದಿಯೆಲ್ಲ ಒಂದೇ ಆಪಲ್ ಅಕೌಂಟ್ ಬಳಸುವುದು ನಮ್ಮಲ್ಲಿ ತುಂಬಾ ಸಾಮಾನ್ಯ. ದಯವಿಟ್ಟು ಬೇರೆ ಮಾಡಿ. ಅಪ್ಪನ ಬ್ಯಾಂಕ್ ಮೆಸೇಜ್ ಮಕ್ಕಳ ಐಪ್ಯಾಡ್‌ಗೆ ಬರಬೇಕಾದ ಕಾರಣವೇ ಇಲ್ಲ.

ಓಟಿಪಿಗಳು ಸುಮ್ನೆ ರಾಶಿ ಬೀಳುತ್ತವೆ. ಐಒಎಸ್ 17ರಿಂದ, ಆಟೋಫಿಲ್‌ನಿಂದ ತುಂಬಿದ ಓಟಿಪಿ ಬಳಸಿದ ಮೇಲೆ ತಾನೇ ಅಳಿಯುವ ಆಯ್ಕೆ ಪಾಸ್‌ವರ್ಡ್ ಸೆಟ್ಟಿಂಗ್ಸ್‌ನಲ್ಲಿದೆ. ಆನ್ ಮಾಡಿ ಮರೆತುಬಿಡಬಹುದು. ಬ್ಯಾಂಕಿನ ಡೆಬಿಟ್ ಮೆಸೇಜ್ ಮಾತ್ರ ಕೂಡಲೇ ಅಳಿಸಬೇಡಿ. ನಿಮ್ಮ ತಪ್ಪಿಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಹೊರಗಿನವರು ದುಡ್ಡು ಹೊಡೆದರೆ, ಬ್ಯಾಂಕಿನ ಮೆಸೇಜ್ ಬಂದ 3 ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. 2017ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೀಗೆ ಹೇಳುತ್ತದೆ. ಆ ಲೆಕ್ಕಕ್ಕೆ ಮೆಸೇಜೇ ಸಾಕ್ಷಿ. ಮೋಸದ ಮೆಸೇಜ್ ಬಂದರೂ ಅಷ್ಟೇ. ಸ್ಕ್ರೀನ್‌ಶಾಟ್ ತೆಗೆದು, ಕೇಂದ್ರ ಟೆಲಿಕಾಂ ಇಲಾಖೆಯ ಜಾಲತಾಣ ಸಂಚಾರ್ ಸಾಥಿಯ 'ಚಕ್ಷು' ವಿಭಾಗದಲ್ಲಿ ವರದಿ ಮಾಡಿ ಆಮೇಲೆ ಅಳಿಸಿ. ದುಡ್ಡು ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್.

ಅಮ್ಮನದು ಆಂಡ್ರಾಯ್ಡ್. ಅಲ್ಲಿ ಕಥೆ ಚಿಕ್ಕದು. ಗೂಗಲ್ ಮೆಸೇಜಸ್ ಅನ್ನು ಕಂಪ್ಯೂಟರ್‌ನಲ್ಲಿ ತೆರೆದರೂ ಅದು ಫೋನಿನಲ್ಲಿರುವುದನ್ನೇ ತೋರಿಸುತ್ತದೆ. ಫೋನಿನಲ್ಲಿ ಅಳಿಸಿದರೆ ಅಲ್ಲೂ ಇಲ್ಲ. ಕ್ಲೌಡ್‌ನಲ್ಲಿರುವುದು ಗೂಗಲ್ ಬ್ಯಾಕಪ್. ಅಳಿಸಿದ ಮೇಲೆ ಸೆಟ್ಟಿಂಗ್ಸ್‌ನ ಬ್ಯಾಕಪ್‌ನಲ್ಲಿ 'ಬ್ಯಾಕಪ್ ನೌ' ಒತ್ತಿದೆ. ಅವರ ಹಳೆ ಫೋನಿನ ಬ್ಯಾಕಪ್ ಗೂಗಲ್ ಡ್ರೈವ್‌ನ ಬ್ಯಾಕಪ್ಸ್ ಪಟ್ಟಿಯಲ್ಲಿತ್ತು, ಅದನ್ನು ತೆಗೆದೆ.

ಇಷ್ಟೆಲ್ಲ ಮಾಡಿದರೂ ಹೋದದ್ದು ನನ್ನ ಕಡೆಯ ಪ್ರತಿ ಮಾತ್ರ. ಕಳಿಸಿದವರ ಫೋನಿನಲ್ಲಿ, ಅವರ ಐಕ್ಲೌಡ್‌ನಲ್ಲಿ ಅದೇ ಫೋಟೊ ಹಾಗೇ ಇದೆ. ಐಮೆಸೇಜ್‌ನಲ್ಲಿ ಕಳಿಸಿದ್ದನ್ನು ವಾಪಸ್ ತಗೊಳ್ಳಲು ಸಿಗುವುದು 2 ನಿಮಿಷ, ಎಸ್ಸೆಮ್ಮೆಸ್‌ಗೆ ಅದೂ ಇಲ್ಲ. ಹಾಗಾಗಿ ಈಗ ರಿಟರ್ನ್ ಇ-ವೆರಿಫೈ ಆದ ಕೂಡಲೇ ಕ್ಲೈಂಟ್‌ಗೆ ಬರೆಯುತ್ತೇನೆ: 'ನಿಮ್ಮ ಕಾಗದ ನಾನು ಫೋಲ್ಡರಿಗೆ ಹಾಕಿಕೊಂಡಿದ್ದೇನೆ, ನನ್ನ ಮೆಸೇಜ್‌ನಿಂದ ಅಳಿಸುತ್ತಿದ್ದೇನೆ. ನಿಮ್ಮ ಕಡೆಯೂ ಅಳಿಸಿ, ರೀಸೆಂಟ್ಲಿ ಡಿಲೀಟೆಡ್‌ನಿಂದಲೂ ತೆಗೆಯಿರಿ.' ಕೆಲವರು ಹೇಗೆ ಅಂತ ವಾಪಸ್ ಕೇಳುತ್ತಾರೆ. ಫೋನ್ ಮಾಡಿ, ಮೊದಲು ಅವರ ಮನೆಯಲ್ಲಿ ಆ ಅಕೌಂಟ್ ಎಷ್ಟು ಸಾಧನಗಳಲ್ಲಿದೆ ಅಂತ ಕೇಳಿ, ಅಲ್ಲಿಂದ ಶುರು ಮಾಡುತ್ತೇನೆ.